ರುವಾಂಡಾದ ‘ಮ್ಯುಚುಯೆಲ್’ ಆರೋಗ್ಯ ವಿಮೆ: ಐದಕ್ಕೆ ನಾಲ್ಕು ಅಂಕ

ಆಫ್ರಿಕಾದ ರುವಾಂಡಾ ದೇಶದ ಉತ್ತರ ಭಾಗದ ಒಂದು ಹೆಲ್ತ್ ಸೆಂಟರ್‌ನಲ್ಲಿ ಹೆರಿಗೆ ವಾರ್ಡಿನ ನರ್ಸುಗಳಿಗೆ ತರಬೇತಿ ಕೊಡುವ ಕೆಲಸ ನನ್ನದಾಗಿತ್ತು. ಅಲ್ಲಿನ ಜನ ‘ಮ್ಯುಚುಯೆಲ್’ ಎಂದು ಕರೆಯುವ ಸರ್ಕಾರಿ ಆರೋಗ್ಯ ವಿಮೆಯನ್ನು ನಾನು ಕೌಂಟರಿನ ಒಳಗಡೆಯಿಂದ ನೋಡಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ನಾಲ್ಕನ್ನು ಮನಸಾರೆ ಕೊಡುತ್ತೇನೆ, ಉಳಿದ ಒಂದನ್ನು ಬೇಕಂತಲೇ ತಡೆಹಿಡಿದಿದ್ದೇನೆ.

ವಿಮೆಯ ವರ್ಷ ಶುರುವಾಗುವುದು ಜುಲೈ 1ಕ್ಕೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಕಂತು, ಅಂದರೆ ವರ್ಷದ ವಿಮೆಯ ಹಣ. ಕಟ್ಟಿದ ಮೇಲೆ ಹೆಲ್ತ್ ಸೆಂಟರ್‌ಗೆ ಬಂದರೆ, ನಾನಿದ್ದಾಗ, 200 ರುವಾಂಡಾ ಫ್ರಾಂಕ್ ಕೊಟ್ಟರೆ ಸಾಕಿತ್ತು. ತಪಾಸಣೆ, ರಕ್ತ ಪರೀಕ್ಷೆ, ಮಾತ್ರೆ, ಹೆರಿಗೆ ಎಲ್ಲ ಅದರಲ್ಲೇ ಬಂತು. ಅಲ್ಲಿ ಆಗದ ಕೇಸಿಗೆ ಚೀಟಿ ಬರೆದು ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಿದ್ದೆವು. ಅಲ್ಲಿ ಬಿಲ್ಲಿನಲ್ಲಿ ನೂರಕ್ಕೆ ಹತ್ತು ಪಾಲು ರೋಗಿ ಕೊಡಬೇಕು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಇದು ಎಂಥ ನೆಲದ ಮೇಲೆ ಎದ್ದು ನಿಂತಿದೆ ಅನ್ನುವುದು ಮುಖ್ಯ. 1994ರ ಏಪ್ರಿಲ್‌ನಿಂದ ಜುಲೈವರೆಗೆ ಇಲ್ಲಿ ಟುಟ್ಸಿ ಕುಲದ ಜನರ ನರಮೇಧ ನಡೆಯಿತು. ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. ರುವಾಂಡಾ ಸರ್ಕಾರದ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ. ಆಗಿನ ಗುರುತಿನ ಚೀಟಿಯ ಮೇಲೆ ಹುಟು, ಟುಟ್ಸಿ, ಟ್ವಾ ಎಂದು ಕುಲದ ಹೆಸರು ಬರೆದಿರುತ್ತಿತ್ತು. ರಸ್ತೆಗೆ ಅಡ್ಡ ನಿಂತವರು ಆ ಚೀಟಿ ನೋಡಿ ಕೊಂದರು. ಆಸ್ಪತ್ರೆಗಳ ಒಳಗೂ ಕೊಂದರು. ಡಾಕ್ಟರುಗಳು, ನರ್ಸುಗಳು ಸತ್ತರು, ಓಡಿಹೋದರು. ಕೊಲ್ಲುವವರ ಜೊತೆ ಸೇರಿಕೊಂಡವರೂ ಅವರಲ್ಲಿದ್ದರು.

ಅಂಥ ಊರುಗಳಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ‘ಕಾರ್ಡ್ ತೋರಿಸಿ’ ಎಂದು ಕೇಳುವುದು ಸಣ್ಣ ಮಾತಲ್ಲ. ಈಗಿನ ಕಾರ್ಡಿನಲ್ಲಿ ಕುಲದ ಹೆಸರಿಲ್ಲ. ಕೌಂಟರಿನವರು ನೋಡುವುದು ಎರಡೇ: ನೀವು ಯಾರು, ಕಂತು ಕಟ್ಟಿದ್ದೀರಾ. ಮನೆಯವರನ್ನೆಲ್ಲ ಕಳೆದುಕೊಂಡ ಹೆಂಗಸು ಮತ್ತು ಆ ಕೊಲೆಗಳಿಗಾಗಿ ಜೈಲಿಗೆ ಹೋಗಿಬಂದವನ ಹೆಂಡತಿ ಒಂದೇ ಬೆಂಚಿನ ಮೇಲೆ ಕೂತು ಮಗುವಿನ ಜ್ವರಕ್ಕೆ ಔಷಧಿಗಾಗಿ ಕಾಯುವುದನ್ನು ನಾನು ನೋಡಿದ್ದೇನೆ. ಅವರು ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಆದರೆ ಯಾರಿಗೆ ಮೊದಲು ಔಷಧಿ ಸಿಗುತ್ತದೆ ಅನ್ನುವ ಅನುಮಾನ ಇಬ್ಬರಿಗೂ ಇರಲಿಲ್ಲ. ನನ್ನ ನಾಲ್ಕು ಅಂಕಗಳಲ್ಲಿ ಎರಡು ಇದಕ್ಕೇ.

ಇನ್ನೊಂದು ಅಂಕ ಕಂತಿನ ಲೆಕ್ಕಕ್ಕೆ. 1999ರಲ್ಲಿ ಮೂರು ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾದ ವಿಮೆ ಇದು. ದೇಶಕ್ಕೆಲ್ಲ ಹರಡಿದಾಗ ಎಲ್ಲರಿಗೂ ಒಂದೇ ಕಂತು, ವರ್ಷಕ್ಕೆ 1000 ಫ್ರಾಂಕ್. ಕೇಳಲು ಸಮ ಅನ್ನಿಸುತ್ತದೆ, ಅಲ್ವಾ? ಹೊಲವೇ ಇಲ್ಲದ ಕೂಲಿಯವಳಿಗೂ 1000, ಅಂಗಡಿಯವನಿಗೂ 1000. 2011ರಲ್ಲಿ ಅದನ್ನು ಮುರಿದರು. ಬಡತನ ನೋಡಿ 2000, 3000, 7000 ಎಂದು ಭಾಗ ಮಾಡಿದರು. ತೀರಾ ಬಡವರ 2000ವನ್ನು ಸರ್ಕಾರ ಮತ್ತು ದಾನಿ ಸಂಸ್ಥೆಗಳು ಕಟ್ಟಿದವು. ಯಾವ ಮನೆ ಯಾವ ವರ್ಗಕ್ಕೆ ಅನ್ನುವುದು ಹಳ್ಳಿಯ ಸಭೆಯಲ್ಲಿ, ನೆರೆಹೊರೆಯವರ ಮುಂದೆ ತೀರ್ಮಾನವಾಗುತ್ತಿತ್ತು. ಜಗಳಗಳೂ ಆಗುತ್ತಿದ್ದವು. ತಗಡಿನ ಸೂರಿದೆ ಎಂದು ಮೇಲಿನ ವರ್ಗಕ್ಕೆ ಹಾಕಿಸಿಕೊಂಡ ವಿಧವೆಯೊಬ್ಬರು ನಮ್ಮ ಕೌಂಟರಿಗೆ ಬಂದು ಗೋಳಾಡಿದ್ದು ನೆನಪಿದೆ.

ನಾಲ್ಕನೆಯ ಅಂಕ ಊರಿನ ಆರೋಗ್ಯ ಕಾರ್ಯಕರ್ತರಿಗೆ. ಊರವರೇ ಆರಿಸಿದ ಇವರು ಮನೆ ಬಾಗಿಲಲ್ಲೇ ಮಲೇರಿಯಾ ಪರೀಕ್ಷೆ ಮಾಡುತ್ತಾರೆ, ಬಸುರಿಯರ ಪಟ್ಟಿ ಇಡುತ್ತಾರೆ. ನಡುರಾತ್ರಿಯಲ್ಲಿ ಗುಡ್ಡ ಇಳಿಸಿ ಬಸುರಿಯನ್ನು ನಮ್ಮಲ್ಲಿಗೆ ಕರೆತರುವವರು ಇವರೇ. ಸರ್ಕಾರಿ ಸಮೀಕ್ಷೆಗಳಲ್ಲಿ 2000ದಲ್ಲಿ ಸಾವಿರ ಮಕ್ಕಳಲ್ಲಿ 196 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 2019-20ರ ಹೊತ್ತಿಗೆ ಅದು 45ಕ್ಕೆ ಇಳಿಯಿತು. ಲಸಿಕೆ, ಸೊಳ್ಳೆಪರದೆ, ಹೊರಗಿನ ನೆರವು ಎಲ್ಲ ಸೇರಿ ಆದ ಬದಲಾವಣೆ ಅದು, ಬರೀ ವಿಮೆಯಿಂದ ಆಗಿದ್ದಲ್ಲ. ಆದರೆ ಬಾಗಿಲಿಗೆ ಬರುವ ಈ ಜನರಿಲ್ಲದೆ ಅದು ಆಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಈಗ ಕೊರತೆಗಳು. ಔಷಧಿ ಮುಗಿದಿದ್ದರೆ ರೋಗಿ ಹೊರಗಿನ ಅಂಗಡಿಯಲ್ಲಿ ಸ್ವಂತ ದುಡ್ಡು ಕೊಟ್ಟು ತರಬೇಕಿತ್ತು. ಇನ್ನೊಂದು, ಮನೆಮಂದಿಯ ಕಂತೆಲ್ಲ ಕಟ್ಟುವವರೆಗೂ ಒಬ್ಬರಿಗೂ ಸೇವೆ ಇಲ್ಲ ಅನ್ನುವ ನಿಯಮ. ಏಳು ಜನರ ಮನೆಯಲ್ಲಿ ಐವರ ಕಂತು ಕಟ್ಟಿದ್ದರೂ ಕೂಸಿಗೆ ಕಾರ್ಡ್ ನಡೆಯುತ್ತಿರಲಿಲ್ಲ. ಆಮೇಲೆ ಮುಕ್ಕಾಲು ಪಾಲು ಕಟ್ಟಿದರೂ ಸೇವೆ ಶುರುವಾಗುತ್ತದೆ ಎಂದು ಸಡಿಲಿಸಿದರು, ಒಳ್ಳೆಯದಾಯಿತು. ಹಳ್ಳಿಯ ಉಳಿತಾಯದ ಗುಂಪುಗಳು, ಅಲ್ಲಿನವರು ‘ಇಬಿಮಿನಾ’ ಅನ್ನುತ್ತಾರೆ, ವಾರವಾರ ಚಿಲ್ಲರೆ ಕೂಡಿಸಿ ಈ ಕಂತು ತುಂಬಿಸುತ್ತವೆ. ಅವು ಇಲ್ಲದಿದ್ದರೆ ಎಷ್ಟೋ ಮನೆಗಳು ಹೊರಗೇ ಉಳಿಯುತ್ತಿದ್ದವು.

ನಾನು ತಡೆಹಿಡಿದ ಅಂಕ ಜಿಲ್ಲಾ ಆಸ್ಪತ್ರೆಯ ಬಿಲ್ಲಿನ ಆ ಹತ್ತು ಪಾಲಿನದು. ಹೆರಿಗೆ ಮುಂದುವರಿಯದೆ ನಿಂತ ಹೆಂಗಸಿಗೆ ನಾವು ಚೀಟಿ ಬರೆದೆವು, ಆಂಬುಲೆನ್ಸ್ ಬಾಗಿಲಿಗೆ ಬಂದು ನಿಂತಿತ್ತು. ಆಕೆ ಮಂಚದಿಂದ ಏಳಲಿಲ್ಲ. ಗಂಡ ದುಡ್ಡು ಹೊಂದಿಸಿಕೊಂಡು ಬರಲಿ ಎಂದು ಕಾದಳು. ಆಪರೇಷನ್ ಬಿಲ್ಲಿನ ಹತ್ತನೇ ಒಂದು ಭಾಗ ಎಂದರೆ ಕೂಲಿಯವರಿಗೆ ಎಷ್ಟೋ ದಿನದ ದುಡಿಮೆ. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಕಾದ ಆ ಹೊತ್ತು ವೈದ್ಯಕೀಯವಾಗಿ ಅಪಾಯದ ಹೊತ್ತು, ಆಕೆ ಹಾಗೆ ಕಾಯುವಂತೆ ಮಾಡಿದ್ದು ಈ ನಿಯಮ.

ತೀರಾ ಬಡವರ ವರ್ಗಕ್ಕೆ ಈ ಪಾಲು ಮಾಫಿ ಇತ್ತು. ಆಕೆ ಇದ್ದದ್ದು ಅದರ ಮೇಲಿನ ವರ್ಗದಲ್ಲಿ. ಹೆರಿಗೆಗೆಂದು ಮೇಲಿನ ಆಸ್ಪತ್ರೆಗೆ ಕಳಿಸಿದ ಎಲ್ಲರಿಗೂ ಇದನ್ನು ತೆಗೆದುಹಾಕಬೇಕು. ದುಡ್ಡು ಎಲ್ಲಿಂದ ಎಂದು ಕೇಳಿದರೆ, 7000 ಕಟ್ಟುವ ವರ್ಗದಲ್ಲಿ ಕಾರು ಇಟ್ಟುಕೊಂಡವರೂ ಇದ್ದರು. ಅವರ ಕಂತನ್ನು ಇನ್ನಷ್ಟು ಏರಿಸಲಿ.