ಮರ ಹತ್ತಲು ಹಗುರವಾದ ಹಗ್ಗ: ಕೊಡಗಿನ ತೋಟದಲ್ಲಿ ಬಳಸಿ ಕಂಡ ಹೋಲಿಕೆ

ಕೊಡಗಿನ ಕಾಫಿ ತೋಟಗಳಲ್ಲಿ ಮರ ಹತ್ತುವ ಕೆಲಸ ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಬರುತ್ತದೆ: ಕಾಳುಮೆಣಸಿನ ಕೊಯ್ಲು ಮತ್ತು ಮುಂಗಾರಿಗೆ ಮುನ್ನ ನಡೆಯುವ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಮೆಣಸಿನ ಕೊಯ್ಲು ಬಹುಮಟ್ಟಿಗೆ ಏಣಿಯ ಮೇಲೆಯೇ ಮುಗಿಯುತ್ತದೆ. ಮರಗಸಿಯಲ್ಲಿ ಹಾಗಲ್ಲ, ಏಣಿ ಮುಗಿದ ಮೇಲೂ ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳಲ್ಲಿ ಕೊಂಬೆಯಿಂದ ಕೊಂಬೆಗೆ ಏರಬೇಕಾಗುತ್ತದೆ. ನಮ್ಮ ತೋಟದಲ್ಲಿ ಇದಕ್ಕಾಗಿ ಸೊಂಟಕ್ಕೆ ಬಿಗಿಯುವ ಪಟ್ಟಿಗಳ ಹಾರ್ನೆಸ್ ಮತ್ತು ಹಗ್ಗದ ಬಳಕೆ ಆರಂಭಿಸಿದಾಗ ಕೆಲಸಗಾರರು ಎತ್ತಿದ ಮೊದಲ ಆಕ್ಷೇಪ ಭಾರದ್ದು. ಇಳಿಜಾರಿನಲ್ಲಿ, ಕಾಫಿ ಗಿಡಗಳ ಸಾಲಿನ ನಡುವೆ, ಒಂದು ಮರದಿಂದ ಇನ್ನೊಂದಕ್ಕೆ ದಿನವಿಡೀ ಹೊರಬೇಕಾದ ವಸ್ತು ಹಗುರವಾಗಿಲ್ಲದಿದ್ದರೆ ಅದು ಗೋದಾಮಿನಲ್ಲಿಯೇ ಉಳಿಯುತ್ತದೆ, ಹತ್ತುವವರು ಬರಿಗೈಯಲ್ಲಿ ಹತ್ತುತ್ತಾರೆ. ಆದ್ದರಿಂದ ಹಗುರ ಹಗ್ಗದ ಹುಡುಕಾಟವನ್ನು ನಾನು ಸುರಕ್ಷತೆಯ ಭಾಗವೆಂದೇ ಪರಿಗಣಿಸಿದೆ.

ಅಂಗಡಿಗಳಲ್ಲಿ ನೀಲಿ, ಹಳದಿ, ಹಸಿರು ಬಣ್ಣಗಳಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಹಗ್ಗ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನಿಂದ ಮಾಡಿದ್ದು. 12 ಮಿಲಿಮೀಟರ್ ದಪ್ಪದ್ದು ಮೀಟರಿಗೆ ಸುಮಾರು 65 ಗ್ರಾಂ ತೂಗುತ್ತದೆ. ಎಳೆ ನೀರು ಹೀರುವುದಿಲ್ಲ, ಹಗ್ಗ ನೀರಿನಲ್ಲಿ ತೇಲುತ್ತದೆ. ತೂಕವೊಂದನ್ನೇ ನೋಡುವುದಾದರೆ ಇದೇ ಸಾಕೆನಿಸುತ್ತದೆ. ಆದರೆ ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಮತ್ತು ಹಗ್ಗದ ಮೇಲೆ ಗಂಟು ಜಾರುತ್ತಾ ಮನುಷ್ಯನೊಬ್ಬ ಬೇಗನೆ ಇಳಿದರೆ ಉಜ್ಜಿದ ಜಾಗದಲ್ಲಿ ಅಷ್ಟು ಶಾಖ ಹುಟ್ಟುವುದು ಕಷ್ಟವೇನಲ್ಲ. ಮನುಷ್ಯರನ್ನು ಇದರ ಮೇಲೆ ಹತ್ತಿಸುವ ಮೊದಲು 50 ಕಿಲೋದ ಚೆರಿ ಕಾಫಿ ಮೂಟೆಯೊಂದನ್ನು ಕೊಂಬೆಯಿಂದ ತೂಗುಬಿಟ್ಟು, ಅದೇ ಹಗ್ಗದ ತುಂಡಿನಿಂದ ಹಾಕಿದ ಪ್ರೂಸಿಕ್ ಗಂಟಿನ (ಹಗ್ಗಕ್ಕೆ ಸುತ್ತಿ ಹಾಕುವ, ಭಾರ ಬಿದ್ದಾಗ ಬಿಗಿದು ಸಡಿಲಿಸಿದಾಗ ಜಾರುವ ಹಿಡಿತದ ಗಂಟು) ಮೂಲಕ ಇಳಿಸಿ ನೋಡಿದೆ. ಮೂಟೆ ನೆಲ ಮುಟ್ಟಿದ ಮೇಲೆ ಗಂಟನ್ನು ಬಿಚ್ಚಿದರೆ ಒಳಮಗ್ಗುಲಿನ ಎಳೆಗಳು ಒಂದಕ್ಕೊಂದು ಅಂಟಿ, ಮಿರುಗುವ ಗಟ್ಟಿ ಪಟ್ಟಿಯಾಗಿದ್ದವು. ಉಗುರಿನಿಂದ ಗೀರಿದರೆ ಸಣ್ಣ ಚಕ್ಕೆಗಳು ಏಳುತ್ತಿದ್ದವು. ಬಿಸಿಲಿಗೂ ಈ ಎಳೆ ಬೇಗ ಪುಡಿಯಾಗುತ್ತದೆ. ಕಡಿದ ಕೊಂಬೆಯನ್ನು ಕಟ್ಟಿ ಎಳೆಯಲು ಇದು ಆದೀತು, ಜೀವದ ಭಾರಕ್ಕೆ ಎಂದಿಗೂ ಬೇಡ.

ಇದಕ್ಕೆ ತದ್ವಿರುದ್ಧವಾದ ತುದಿಯಲ್ಲಿರುವುದು ಡೈನೀಮಾ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತವಾದ, ಪಾಲಿಥೀನಿನ ಬಹಳ ಬಲವಾದ ರೂಪವಾದ ಎಚ್‌ಎಂಪಿಇ ಎಳೆ. 6 ಮಿಲಿಮೀಟರ್ ದಪ್ಪದ ಹಗ್ಗ ಮೀಟರಿಗೆ ಸುಮಾರು 25 ಗ್ರಾಂ ಮಾತ್ರ ತೂಗಿದರೂ ಮೂರು ಟನ್‌ಗೂ ಮೀರಿದ ಭಾರವನ್ನು ತಾಳುತ್ತದೆ. ನಲವತ್ತು ಮೀಟರ್ ಹಗ್ಗ ಒಂದು ಕಿಲೋದಷ್ಟೇ ಎಂದಾಗ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಈ ಎಳೆ ಬಹಳ ನುಣುಪು, ಆದ್ದರಿಂದ ಸಾಮಾನ್ಯ ಗಂಟುಗಳು ಇದರಲ್ಲಿ ಜಾರುತ್ತವೆ. ನಿಂತರೂ ಗಂಟು ಬಿದ್ದ ಜಾಗದಲ್ಲಿ ಹಗ್ಗದ ಬಲ ಅರ್ಧಕ್ಕಿಂತ ಕಡಿಮೆಗೆ ಇಳಿಯಬಹುದು. ಕರಗುವ ಉಷ್ಣಾಂಶವೂ ಪಾಲಿಪ್ರೊಪಿಲೀನ್‌ಗಿಂತ ಕಡಿಮೆ, ಸುಮಾರು 150 ಡಿಗ್ರಿ. ಇದು ಹಿಗ್ಗುವುದೇ ಇಲ್ಲ ಎನ್ನಬಹುದಾದ್ದರಿಂದ ಸಡಿಲ ಹಗ್ಗದ ಮೇಲೆ ಒಂದೆರಡು ಅಡಿ ಜಾರಿದರೂ ಅದರ ಹೊಡೆತ ನೇರವಾಗಿ ಸೊಂಟಕ್ಕೂ ಬೆನ್ನಿಗೂ ತಾಗುತ್ತದೆ. ಇಷ್ಟು ಸಣ್ಣ ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದು ಮೈಯನ್ನು ಮೇಲೆಳೆದುಕೊಳ್ಳಲು ಸಾಧ್ಯವಿಲ್ಲವೆಂಬುದು ಮೊದಲ ಮರದಲ್ಲಿಯೇ ಗೊತ್ತಾಗುತ್ತದೆ. ನಾನು ಇದನ್ನು ಉಳಿಸಿಕೊಂಡಿರುವುದು ಒಂದೇ ಕೆಲಸಕ್ಕೆ: ಎರಡು ಮಿಲಿಮೀಟರಿನ ಹುರಿಗೆ ಸಣ್ಣ ತೂಕದ ಚೀಲ ಕಟ್ಟಿ ಎತ್ತರದ ಕವೆಗೆ ಎಸೆದು, ಅದರ ಹಿಂದೆಯೇ ಹತ್ತುವ ಹಗ್ಗವನ್ನು ಮೇಲೆಳೆದುಕೊಳ್ಳಲು. ಆ ಕೆಲಸಕ್ಕೆ ಇದಕ್ಕೆ ಸಾಟಿಯಿಲ್ಲ.

ನಿಜವಾದ ಪೈಪೋಟಿ ನೈಲಾನ್ ಮತ್ತು ಪಾಲಿಯೆಸ್ಟರ್ ನಡುವೆ. ಸಾಂದ್ರತೆಯಲ್ಲಿ ನೈಲಾನ್ 1.14, ಪಾಲಿಯೆಸ್ಟರ್ 1.38, ಆದ್ದರಿಂದ ಒಣಗಿದ್ದಾಗ, ಒಂದೇ ದಪ್ಪದಲ್ಲಿ ನೈಲಾನ್ ಹಗುರ. ನಾನು ಬಳಸಿದ 11 ಮಿಲಿಮೀಟರಿನ ನೈಲಾನ್ ಹಗ್ಗ ಮೀಟರಿಗೆ ಸುಮಾರು 75 ಗ್ರಾಂ ಇದ್ದರೆ, ತುಸು ದಪ್ಪವಾದ 11.7 ಮಿಲಿಮೀಟರಿನ ಪಾಲಿಯೆಸ್ಟರ್ ಹಗ್ಗ ನೂರು ಗ್ರಾಂ ಹತ್ತಿರ ಬರುತ್ತದೆ. ನಲವತ್ತು ಮೀಟರಿಗೆ ಇದು ಮೂರು ಕಿಲೋ ಮತ್ತು ನಾಲ್ಕು ಕಿಲೋಗಳ ಅಂತರ. ಆದರೆ ನಮ್ಮಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಬೆಳಗಿನ ಹೊತ್ತು ಹಗ್ಗ ಒಣಗಿರುವುದೇ ಅಪರೂಪ. ಎರಡನ್ನೂ ರಾತ್ರಿಯಿಡೀ ಬಕೆಟ್‌ನಲ್ಲಿ ನೆನೆಸಿಟ್ಟು, ನೀರು ಬಸಿದ ಮೇಲೆ ಮೆಣಸು ತೂಗುವ ತಕ್ಕಡಿಯಲ್ಲಿ ತೂಗಿದಾಗ ಅಂತರ ಬಹಳಷ್ಟು ಕುಗ್ಗಿತ್ತು. ಪಾಲಿಯೆಸ್ಟರ್ ಹೆಣಿಗೆಯ ಸಂದುಗಳಲ್ಲಿಯೂ ನೀರು ನಿಲ್ಲುತ್ತದೆ, ಆದರೆ ಎಳೆ ಅದನ್ನು ಒಳಗೆ ಹೀರಿಕೊಳ್ಳುವುದಿಲ್ಲ; ನೈಲಾನ್ ಎಳೆಯೇ ನೀರನ್ನು ಹೀರುತ್ತದೆ, ನೆನೆದಾಗ ಬಲದಲ್ಲಿ ಹತ್ತು ಪ್ರತಿಶತ ಅಥವಾ ಇನ್ನೂ ಹೆಚ್ಚು ಕಳೆದುಕೊಳ್ಳುತ್ತದೆ, ಒಣಗಿದಾಗ ಉದ್ದದಲ್ಲಿ ಕುಗ್ಗುತ್ತದೆ. ಬೆಂಕಿಗೂಡಿನ ಹತ್ತಿರ ಒಣಗಿಸುವಂತಿಲ್ಲ, ನೆರಳಿನಲ್ಲಿಯೇ ಆಗಬೇಕು; ಮೋಡ ಮುಚ್ಚಿದ ದಿನಗಳಲ್ಲಿ ಅದಕ್ಕೆ ತಾಳ್ಮೆ ಬೇಕು.

ಹಿಗ್ಗುವ ಗುಣವೇ ನೈಲಾನ್‌ನ ದೊಡ್ಡ ಬಲ, ಹಾಗೆಯೇ ದೊಡ್ಡ ತೊಂದರೆ. ಬಂಡೆ ಹತ್ತುವವರ ಡೈನಮಿಕ್ ಹಗ್ಗ 80 ಕಿಲೋ ಭಾರಕ್ಕೆ ಹತ್ತು ಪ್ರತಿಶತದವರೆಗೂ ಹಿಗ್ಗಬಹುದು. ಬೀಳುವವರನ್ನು ಅದು ಮೆತ್ತಗೆ ಹಿಡಿಯುತ್ತದೆ ನಿಜ, ಆದರೆ ಹದಿನೈದು ಮೀಟರ್ ಎತ್ತರದ ಕೊಂಬೆಯಿಂದ ಒಂದೇ ಎಳೆಯಾಗಿ ಇಳಿಬಿಟ್ಟ ಹಗ್ಗದಲ್ಲಿ ಹತ್ತುವವನು ಮೊದಲ ಒಂದು ಮೀಟರನ್ನು ಬರೀ ಹಿಗ್ಗು ತೆಗೆಯುವುದರಲ್ಲಿ ಕಳೆಯುತ್ತಾನೆ, ಗರಗಸ ಹಿಡಿದಾಗ ಮೇಲೆ ಕೆಳಗೆ ತುಯ್ದಾಡುತ್ತಾನೆ. ಯುರೋಪಿನ ಇಎನ್ 1891 ಮಾನದಂಡದ ಕಡಿಮೆ ಹಿಗ್ಗುವ ಹಗ್ಗಗಳು ಇದಕ್ಕೆ ಸರಿಯಾದ ಉತ್ತರ: ಹಿಗ್ಗು ಐದು ಪ್ರತಿಶತ ಮೀರುವಂತಿಲ್ಲ, ಎ ವರ್ಗದ್ದಾದರೆ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಎರಡು ಟನ್‌ಗೂ ಹೆಚ್ಚು ಭಾರ ತಾಳಬೇಕು. ನಾನು ಕೊನೆಗೆ ಆಯ್ದುಕೊಂಡದ್ದು ಈ ವರ್ಗದ, ನೈಲಾನ್ ತಿರುಳು ಮತ್ತು ಪಾಲಿಯೆಸ್ಟರ್ ಹೊರಹೆಣಿಗೆ ಇರುವ 11 ಮಿಲಿಮೀಟರಿನ ಹಗ್ಗವನ್ನು. ಹಲಸಿನ ಅಂಟು, ಒರಟು ತೊಗಟೆ, ಬಿಸಿಲು ಇವುಗಳನ್ನು ಹೊರಗಿನ ಪಾಲಿಯೆಸ್ಟರ್ ತಡೆಯುತ್ತದೆ. ಒಳಗಿನ ನೈಲಾನ್ ಅಗತ್ಯವಿರುವಷ್ಟು ಮಾತ್ರ ಹಿಗ್ಗುತ್ತದೆ. ಶುದ್ಧ ಪಾಲಿಯೆಸ್ಟರ್ ಹಗ್ಗ ಕೈಗೆ ಇದಕ್ಕಿಂತ ಹಿತವಾಗಿದೆ, ಗಂಟೂ ಚೆನ್ನಾಗಿ ಹಿಡಿಯುತ್ತದೆ. ಮರಗಳು ಮನೆಯ ಹತ್ತಿರವೇ ಇದ್ದು ಹೊರುವ ದೂರ ಕಡಿಮೆಯಿರುವವರು ಅದನ್ನೇ ಕೊಳ್ಳಬಹುದು.

ಹಿಡಿತದ ಗಂಟಿಗೆ ಬಳಸುವ ಸಣ್ಣ ಹಗ್ಗದಲ್ಲಿ ಮಾತ್ರ ತೂಕದ ಲೆಕ್ಕ ಬೇಡ. ಶಾಖವೆಲ್ಲ ಅಲ್ಲಿಯೇ ಹುಟ್ಟುವುದರಿಂದ, ಕರಗದೆ ತುಂಬ ಹೆಚ್ಚಿನ ಉಷ್ಣತೆಯಲ್ಲಷ್ಟೇ ಕರಕಲಾಗುವ ಅರಾಮಿಡ್ (ಕೆವ್ಲಾರ್ ಜಾತಿಯ) ಎಳೆಯ ಹೊರಹೆಣಿಗೆ ಇರುವುದನ್ನು ತೆಗೆದುಕೊಳ್ಳುವುದು ಒಳ್ಳೆಯದು. ಅರಾಮಿಡ್ ಬಿಸಿಲಿಗೆ ಬಲಗುಂದುತ್ತದೆ, ಮತ್ತೆ ಮತ್ತೆ ಮಡಿಸಿದರೂ ಸವೆಯುತ್ತದೆ; ಬೇಗ ಬದಲಿಸಬೇಕು. ಕತ್ತಿಗಾಗಲಿ ಗರಗಸಕ್ಕಾಗಲಿ ಎದುರು ನಿಲ್ಲುವ ಎಳೆ ಈ ಯಾವುದೂ ಅಲ್ಲ. ಕೊಂಬೆ ಕಡಿಯುವ ಹೊತ್ತಿಗೆ ಎರಡನೆಯ ಹಗ್ಗವೊಂದು ಮರವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿರಲೇಬೇಕು.

ತೋಟದವರು ಮುಖ್ಯವಾಗಿ ಗಮನಿಸಬೇಕಾದ ಇನ್ನೊಂದು ವಿಷಯ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಮಾಡುವ ಶಿಲೀಂಧ್ರನಾಶಕ. ನೈಲಾನ್‌ಗೆ ಆಮ್ಲ ಆಗದು, ಪಾಲಿಯೆಸ್ಟರ್‌ಗೆ ತೀಕ್ಷ್ಣ ಕ್ಷಾರ ಆಗದು. ಮೈಲುತುತ್ತದ ನೀರು ಆಮ್ಲೀಯ, ಸುಣ್ಣದ ತಿಳಿ ಕ್ಷಾರೀಯ. ಇವೆರಡನ್ನೂ ಕಲಸುವ ಶೆಡ್ಡಿನ ಮೊಳೆಗೆ ಹಗ್ಗವನ್ನು ನೇತುಹಾಕುವ ರೂಢಿ ಅನೇಕ ಕಡೆ ಇದೆ, ಆಮ್ಲ ತುಂಬಿದ ಬ್ಯಾಟರಿ ಇಟ್ಟ ಮೂಲೆಯಲ್ಲಿ ಸುತ್ತಿಡುವುದೂ ಇದೆ. ರಾಸಾಯನಿಕದಿಂದ ಆದ ಹಾನಿ ಕಣ್ಣಿಗೆ ಕಾಣದೆ ಇರಬಹುದು. ನಮ್ಮಲ್ಲಿ ಹಗ್ಗಗಳಿಗೆ ಬೇರೆಯೇ ಮುಚ್ಚಳದ ಡಬ್ಬವಿದೆ, ಇಲಿಯ ಕಾಟವೂ ಅದರಿಂದ ತಪ್ಪಿದೆ. ಪ್ರತಿ ಬೆಳಗ್ಗೆ ಹಗ್ಗವನ್ನು ತುದಿಯಿಂದ ತುದಿಗೆ ಬೆರಳುಗಳ ನಡುವೆ ಎಳೆದು ನೋಡುತ್ತೇವೆ. ತಿರುಳು ಮೆತ್ತಗಾದ ಜಾಗ ಸಿಕ್ಕಿದರೆ ಅಥವಾ ಹೊರಹೆಣಿಗೆ ಕತ್ತರಿಸಿದ್ದರೆ ಆ ಹಗ್ಗವನ್ನು ಅಂದೇ ಎರಡು ಮೀಟರಿನ ತುಂಡುಗಳಾಗಿ ಕತ್ತರಿಸಿ ಮೂಟೆ ಕಟ್ಟಲು ಕೊಡುತ್ತೇವೆ. ಉದ್ದವಾಗಿ ಬಿಟ್ಟರೆ ಯಾರಾದರೊಬ್ಬರು ಅದನ್ನು ಹಿಡಿದು ಮರ ಹತ್ತಿಬಿಡುತ್ತಾರೆ.