ಕಲಬುರಗಿ ಬಿಸಿಲಿಗೆ ಯಾವ ಕಂಪ್ಯೂಟರ್ ಕ್ಯಾಬಿನೆಟ್? ರೆಡಿಮೇಡ್ ಮಾಡ್, ಜಾಲರಿ, ಹಳೇ ತಗಡು – ಮೂರನ್ನೂ ಬಳಸಿ ನೋಡಿದ್ದು

ಕಂಪ್ಯೂಟರ್ ಅಸೆಂಬಲ್ ಮಾಡಿಸುವವರು ಪ್ರೊಸೆಸರ್‌ಗೆ, ಗ್ರಾಫಿಕ್ಸ್ ಕಾರ್ಡ್‌ಗೆ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಈ ಸಾಮಾನನ್ನೆಲ್ಲ ಕೂರಿಸುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ವಿಷಯ ಬಂದಾಗ ಮಾತ್ರ ಫೋಟೋ ನೋಡಿ ‘ಚೆಂದ ಇದೆ, ಇದೇ ಇರಲಿ’ ಅಂತ ಮುಗಿಸಿಬಿಡುತ್ತಾರೆ. ತಂಪು ಊರಿನಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ಗಂಜ್ (ಧಾನ್ಯದ ಮಾರುಕಟ್ಟೆ) ಕಡೆಯಿಂದ, ಕಪನೂರಿನ ದಾಲ್ ಮಿಲ್‌ಗಳ ಕಡೆಯಿಂದ ತೊಗರಿ ಹೊಟ್ಟಿನ ಧೂಳು ಗಾಳಿಯಲ್ಲಿ ಇದ್ದೇ ಇರುತ್ತದೆ. ಹೊರವಲಯದಲ್ಲಿ ಮನೆ ಇದ್ದರೆ ಎರೆ ಮಣ್ಣಿನ ಧೂಳು ಬೇರೆ. ಇಲ್ಲಿ ಕ್ಯಾಬಿನೆಟ್ ಅಂದರೆ ಬರೀ ಡಬ್ಬಿ ಅಲ್ಲ.

ನಾನು ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಯಂತ್ರ ತಾಸುಗಟ್ಟಲೆ ಪೂರ್ತಿ ಲೋಡಿನಲ್ಲಿ ಓಡುತ್ತದೆ. ಇಂಟೆಲ್ ಐ5-12400 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ತಂಪು ಮಾಡಲು ಒಂದು ಟವರ್ ಕೂಲರ್. ಇದೇ ಸಾಮಾನನ್ನು ಮೂರು ಕ್ಯಾಬಿನೆಟ್‌ಗಳಿಗೆ ಒಂದಾದ ಮೇಲೊಂದರಂತೆ ಹಾಕಿ, ಅದೇ ಕೋಣೆಯಲ್ಲಿ, ಅದೇ ಬೇಸಿಗೆಯಲ್ಲಿ ಕೆಲಸ ಮಾಡಿದೆ. ಎಸಿ ಇಲ್ಲ, ಸೀಲಿಂಗ್ ಫ್ಯಾನ್ ಮಾತ್ರ. ಮಧ್ಯಾಹ್ನ ಕೋಣೆ 36 ಡಿಗ್ರಿ ಆಸುಪಾಸು ಇರುತ್ತಿತ್ತು. ಈ ಕೊನೆಯ ಅಂಕಿ ಬಹಳ ಮುಖ್ಯ. ವಿಮರ್ಶೆ ಮಾಡುವವರು ಸಾಮಾನ್ಯವಾಗಿ 21ರಿಂದ 25 ಡಿಗ್ರಿಯ ತಂಪು ಕೋಣೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಕಾರ್ಡ್ 70 ಡಿಗ್ರಿ ತೋರಿಸಿದರೆ ನಮ್ಮಲ್ಲಿ ಅದಕ್ಕೆ ಹನ್ನೊಂದರಿಂದ ಹದಿನೈದು ಕೂಡಿಸಿಕೊಂಡೇ ಓದಬೇಕು.

ಮೊದಲನೆಯದು ಎಲ್ಲರ ಕಣ್ಣೂ ಹೋಗುವಂಥದ್ದು. ಕಂಪನಿಯಿಂದಲೇ ‘ಮಾಡ್’ ಆಗಿ, ಅಂದರೆ ಅಲಂಕಾರದ ಮಾರ್ಪಾಡು ಮಾಡಿಸಿಕೊಂಡೇ ಬರುವ ಕ್ಯಾಬಿನೆಟ್. 2000ದ ದಶಕದ ಶುರುವಿನಲ್ಲಿ ಹವ್ಯಾಸಿಗಳು ತಗಡಿನ ಬಾಗಿಲನ್ನು ತಾವೇ ಕೊರೆದು, ಅಕ್ರಿಲಿಕ್ ಕಿಟಕಿ ಕೂರಿಸಿ, ಒಳಗೆ ಬಣ್ಣದ ಬೆಳಕಿಗೆ ಕೋಲ್ಡ್ ಕ್ಯಾಥೋಡ್ ಅನ್ನುವ ತೆಳು ಟ್ಯೂಬ್‌ಲೈಟ್ ಹಾಕುತ್ತಿದ್ದರು. ಈಗ ಆ ಕೆಲಸವೆಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ನಾನು ತಂದದ್ದರ ಮುಂದೆಯೂ ಪಕ್ಕದಲ್ಲೂ ಟೆಂಪರ್ಡ್ ಗ್ಲಾಸ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು. ಮುಂದೆ ಮೂರು, ಮೇಲೆ ಎರಡು, ಹಿಂದೆ ಒಂದು ಬಣ್ಣದ ಫ್ಯಾನ್. ಜೊತೆಗೆ ಒಂದು ಪುಟ್ಟ ರಿಮೋಟ್. ಮಂದ ಕಪ್ಪು ಮೈ, ಅಂಚಿನಲ್ಲಿ ತೆಳುವಾದ ಬೆಳ್ಳಿ ಗೆರೆ. ನೋಡಿದರೆ ಬೀದರಿನ ಬಿದ್ರಿ ಹೂಜಿ ನೆನಪಾಗುತ್ತದೆ. ನಿಜಕ್ಕೂ ಚೆಂದ. ಸ್ಟುಡಿಯೊಗೆ ಬಂದ ಗಿರಾಕಿಗಳು ಮೊದಲು ಕೇಳುವುದೇ ಅದರ ಬಗ್ಗೆ. ಚೆಂದ ಇರುವುದು ತಪ್ಪಲ್ಲ. ದಿನವಿಡೀ ಎದುರಿಗೆ ಇರುವ ವಸ್ತು ಕಣ್ಣಿಗೂ ಹಿತವಾಗಿರಬೇಕು.

ಆದರೆ ಅದರ ಮುಂಭಾಗವನ್ನು ಹತ್ತಿರದಿಂದ ನೋಡಿ. ಗಾಜು ಪೂರ್ತಿ ಮುಚ್ಚಿದೆ. ಗಾಳಿ ಬರಬೇಕಾದರೆ ಗಾಜಿನ ಎರಡು ಬದಿಯಲ್ಲಿರುವ, ಬೆರಳೂ ತೂರದ ಸಂದಿನಿಂದಲೇ ಬರಬೇಕು. ಮೂರು ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಆ ಸಂದು ಬಿಟ್ಟಷ್ಟೇ ಗಾಳಿ. ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡುವ ಕೆಲಸ) ಹಾಕಿದ ಸ್ವಲ್ಪ ಹೊತ್ತಿಗೆ ಕಾರ್ಡ್ 83–84ಕ್ಕೆ ಹೋಗಿ ನಿಂತಿತು. ವೇಗ ತಾನಾಗಿಯೇ ಇಳಿಯಿತು, ಕಾರ್ಡಿನ ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಮುಂದಿನ ಗಾಜನ್ನು ಕಿತ್ತು ಪಕ್ಕಕ್ಕಿಟ್ಟೆ. ಬೇರೇನನ್ನೂ ಮುಟ್ಟಲಿಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ಕಾರ್ಡ್ 76ಕ್ಕೆ ಇಳಿದಿತ್ತು. ಕೊರತೆ ಫ್ಯಾನಿನದಲ್ಲ, ದಾರಿಯದು ಅನ್ನುವುದಕ್ಕೆ ಇಷ್ಟು ಸಾಕಲ್ವಾ?

ಧೂಳಿನ ಕಥೆ ಇದಕ್ಕಿಂತ ಕುತೂಹಲದ್ದು. ಮುಂದಿನಿಂದ ಸಾಕಷ್ಟು ಗಾಳಿ ಬರುತ್ತಿಲ್ಲ, ಹಿಂದಿನ ಮತ್ತು ಮೇಲಿನ ಫ್ಯಾನ್‌ಗಳು ಮಾತ್ರ ಹೊರಗೆ ಎಳೆಯುತ್ತಲೇ ಇವೆ. ಆಗ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಕ್ಯಾಬಿನೆಟ್ ಸಿಕ್ಕ ಸಿಕ್ಕ ಬಿರುಕಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಆ ಬಿರುಕುಗಳಿಗೆ ಫಿಲ್ಟರ್ ಇರುವುದಿಲ್ಲ. ಬಾಗಿಲು ತೆಗೆದಾಗ ಗ್ರಾಫಿಕ್ಸ್ ಕಾರ್ಡಿನ ಕೆಳಗಿನ ಸ್ಲಾಟ್ ಪಟ್ಟಿಗಳ ಉದ್ದಕ್ಕೂ ಗೆರೆ ಎಳೆದ ಹಾಗೆ ಮಾಸಲು ಹಳದಿ ಧೂಳು ಕೂತಿತ್ತು. ಬೆರಳಲ್ಲಿ ಉಜ್ಜಿದರೆ ಹಿಟ್ಟಿನಷ್ಟು ನಯ. ಅದು ತೊಗರಿ ಹೊಟ್ಟಿನದೇ. ಬೇಸಿಗೆಯಲ್ಲಿ ಕೋಣೆಗೆ ನೀರಿನ ಕೂಲರ್ ಹಚ್ಚುವವರಿಗೆ ಇನ್ನೊಂದು ಮಾತು. ಕೂಲರ್ ಕೋಣೆಯನ್ನು ತಂಪು ಮಾಡುತ್ತದೆ, ಯಂತ್ರಕ್ಕೆ ಅದು ಒಳ್ಳೆಯದೇ. ಆದರೆ ತೇವದ ಗಾಳಿಯಲ್ಲಿ ಈ ಧೂಳು ಬ್ರಷ್‌ಗೆ ಬಗ್ಗದ ಹಾಗೆ ಹೆಪ್ಪುಗಟ್ಟುತ್ತದೆ. ಕೂಲರ್‌ನ ಬಾಯಿ ನೇರವಾಗಿ ಕ್ಯಾಬಿನೆಟ್ ಕಡೆ ಇರಬಾರದು.

ಈ ರೆಡಿಮೇಡ್ ಕ್ಯಾಬಿನೆಟ್‌ನಲ್ಲಿ ನನಗೆ ಜಾಸ್ತಿ ಬೇಸರ ತಂದದ್ದು ಫ್ಯಾನುಗಳ ಪ್ಲಗ್. ಆರು ಫ್ಯಾನೂ ಅದರದೇ ಆದ ಒಂದು ಹಬ್‌ಗೆ (ವೈರ್‌ಗಳೆಲ್ಲ ಒಂದೆಡೆ ಸೇರುವ ಪುಟ್ಟ ಬೋರ್ಡ್) ಅದರದೇ ಆರು ಪಿನ್ನಿನ ಪ್ಲಗ್‌ನಿಂದ ಸೇರುತ್ತವೆ. ಮದರ್‌ಬೋರ್ಡ್‌ಗೆ ಇವುಗಳ ವೇಗದ ಮೇಲೆ ಹಿಡಿತವೇ ಇಲ್ಲ. ಜನವರಿಯ ತಂಪು ರಾತ್ರಿಯಲ್ಲೂ ಅದೇ ಸದ್ದು. ಒಂದು ಫ್ಯಾನ್ ಕೆಟ್ಟರೆ ನಮ್ಮೂರಿನ ಸೂಪರ್ ಮಾರ್ಕೆಟ್ ಏರಿಯಾದ ಯಾವ ಅಂಗಡಿಯಲ್ಲೂ ಅದಕ್ಕೆ ಜೋಡಿ ಸಿಗುವುದಿಲ್ಲ. ಮೂರು ಪಿನ್ನಿನ ಅಥವಾ ನಾಲ್ಕು ಪಿನ್ನಿನ ಸಾದಾ ಫ್ಯಾನ್ ಆಗಿದ್ದರೆ ಹತ್ತು ನಿಮಿಷದ ಕೆಲಸ. ತಗಡೂ ತೆಳು, ಸುಮಾರು ಅರ್ಧ ಮಿಲಿಮೀಟರ್. ಬಾಗಿಲು ಒತ್ತಿದರೆ ಬಾಗುತ್ತದೆ.

ಎರಡನೆಯದು ಜಾಲರಿ ಮುಖದ ಸಾದಾ ಕಪ್ಪು ಕ್ಯಾಬಿನೆಟ್. ನೋಡಲು ಹೇಳಿಕೊಳ್ಳುವಂಥದ್ದೇನಿಲ್ಲ. ಮುಂದೆ ಎರಡು ಫ್ಯಾನ್, ಹಿಂದೆ ಒಂದು. ಬಣ್ಣವೂ ಇಲ್ಲ, ರಿಮೋಟೂ ಇಲ್ಲ. ಅದೇ ಕೋಣೆ, ಅದೇ ರೆಂಡರ್. ಕಾರ್ಡ್ 74 ದಾಟಲಿಲ್ಲ. ಪ್ರೊಸೆಸರ್ ಕೂಡ ಗಾಜಿನದಕ್ಕಿಂತ ಏಳೆಂಟು ಡಿಗ್ರಿ ಕಡಿಮೆ. ಆರು ಫ್ಯಾನಿನದು ಮಾಡದ್ದನ್ನು ಮೂರು ಫ್ಯಾನಿನದು ಮಾಡಿತು. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಜಾಸ್ತಿ ಇರುವುದರಿಂದ ಬಿರುಕುಗಳಿಂದ ಗಾಳಿ ಹೊರಗೇ ತಳ್ಳುತ್ತದೆ, ಧೂಳು ಒಳಗೆ ನುಗ್ಗುವುದಿಲ್ಲ. ಬರುವ ಧೂಳೆಲ್ಲ ಮುಂದಿನ ಫಿಲ್ಟರ್ ಮೇಲೆ ಕೂರುತ್ತದೆ. ಆ ಫಿಲ್ಟರ್ ಸ್ಕ್ರೂ ಬಿಚ್ಚದೆ ಎಳೆದರೆ ಬರುತ್ತದೆ. ಭಾನುವಾರ ನಲ್ಲಿ ಕೆಳಗೆ ತೊಳೆದು, ನೆರಳಲ್ಲಿ ಒಣಗಿಸಿ, ಮತ್ತೆ ಹಾಕಿದರೆ ಆಯಿತು. ತೊಳೆಯದೆ ಬಿಟ್ಟರೆ ಇದೂ ಗಾಜಿನದರ ಹಾಗೇ ಉಸಿರುಗಟ್ಟುತ್ತದೆ. ಅದನ್ನು ಮರೆಯುವವರು ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಬಣ್ಣ ಬೇಕೇ ಬೇಕು ಅಂದರೆ ಇದಕ್ಕೂ ಹಾಕಬಹುದು. ಒಂದೇ ಎಚ್ಚರಿಕೆ. ಬಣ್ಣದ ದೀಪಗಳಲ್ಲಿ ಎರಡು ಬಗೆ. ಎಆರ್‌ಜಿಬಿ ಮೂರು ಪಿನ್ನಿನದು, 5 ವೋಲ್ಟ್. ಹಳೇ ಆರ್‌ಜಿಬಿ ನಾಲ್ಕು ಪಿನ್ನಿನದು, 12 ವೋಲ್ಟ್. ಐದರ ಪಟ್ಟಿಯನ್ನು ಹನ್ನೆರಡರ ಜಾಗಕ್ಕೆ ಒತ್ತಿ ಸೇರಿಸಿದರೆ ದೀಪಗಳು ಸುಟ್ಟುಹೋಗುತ್ತವೆ.

ಮೂರನೆಯದು ನನ್ನ ಹತ್ತಿರ ಮೊದಲಿನಿಂದಲೂ ಇದ್ದ ಹಳೇ ತಗಡಿನ ಕ್ಯಾಬಿನೆಟ್. ಸಿಡಿ ಡ್ರೈವ್ ಕಾಲದ್ದು. ಪವರ್ ಸಪ್ಲೈ ಮೇಲೆ, ಮುಂದೆ ಹಾರ್ಡ್‌ಡಿಸ್ಕ್ ಗೂಡು. ಇದ್ದ ಹಾಗೇ ಬಳಸಿದರೆ ಮೂರರಲ್ಲೇ ಅತ್ಯಂತ ಬಿಸಿ. ಆದರೆ ತಗಡು ಗಟ್ಟಿ, ಸುಮಾರು 0.8 ಮಿಲಿಮೀಟರ್, ಎಲ್ಲೂ ಗಡಗಡ ಅನ್ನುವುದಿಲ್ಲ. ಮದರ್‌ಬೋರ್ಡ್, ಕ್ಯಾಬಿನೆಟ್‌ಗಳಿಗೆ ಎಟಿಎಕ್ಸ್ ಅನ್ನುವ ಅಳತೆಯನ್ನು ಇಂಟೆಲ್ 1995ರಲ್ಲಿ ತಂದಿತು. ಮದರ್‌ಬೋರ್ಡಿನ ಸ್ಕ್ರೂ ಜಾಗ ಇಂದಿಗೂ ಅದೇ. ಹಾಗಾಗಿ ಹೊಸ ಬೋರ್ಡ್ ಅದರಲ್ಲಿ ತಕರಾರಿಲ್ಲದೆ ಕೂತಿತು.

ಅದನ್ನು ಪೂರ್ತಿ ಖಾಲಿ ಮಾಡಿ, ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಹಾರ್ಡ್‌ಡಿಸ್ಕ್ ಗೂಡಿನ ರಿವೆಟ್ ಕೊರೆದು ತೆಗೆಸಿದೆ. ಮುಂದೆ 120 ಮಿಲಿಮೀಟರ್‌ನ ಎರಡು ಫ್ಯಾನಿಗೆ ಜಾಗ ಮಾಡಿಸಿದೆ. ಇಲ್ಲಿ ಕೈಯಲ್ಲಿ ಇರಬೇಕಾದ ಅಳತೆ 105 ಮಿಲಿಮೀಟರ್. ಫ್ಯಾನಿನ ಒಂದು ಸ್ಕ್ರೂ ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಅಷ್ಟು. ಕಾಗದದ ಮೇಲೆ ಗೆರೆ ಹಾಕಿ ತಗಡಿಗೆ ಅಂಟಿಸಿಕೊಟ್ಟರೆ ಅವರು ಕೂದಲೆಳೆಯಷ್ಟೂ ತಪ್ಪದೆ ಕೊರೆಯುತ್ತಾರೆ. ಕೊರೆದ ಅಂಚನ್ನು ಅರದಿಂದ ಉಜ್ಜಿಸಿ, ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿ ಕೂರಿಸಬೇಕು. ಆಮೇಲೆ ನೀರಿನಿಂದ ತೊಳೆದು ಒಣಗಿಸಲೇಬೇಕು. ಒಂದು ಚೂರು ಕಬ್ಬಿಣದ ಪುಡಿ ಬೋರ್ಡ್ ಮೇಲೆ ಬಿದ್ದರೂ ಶಾರ್ಟ್ ಆಗಬಹುದು. ಫಿಲ್ಟರ್‌ಗೆ ಸೊಳ್ಳೆ ಪರದೆಯ ನೈಲಾನ್ ಬಲೆ ಸಾಕಾಯಿತು. ಖರ್ಚು ಜಾಲರಿ ಕ್ಯಾಬಿನೆಟ್‌ನ ಕಾಲು ಭಾಗದಷ್ಟು. ಫಲ? ಕಾರ್ಡ್ 77ರಲ್ಲಿ ನಿಂತಿತು. ಮೂರರಲ್ಲಿ ಇದರದೇ ಸದ್ದು ಕಡಿಮೆ, ಗಟ್ಟಿ ತಗಡಿನ ಪುಣ್ಯ. ವೈರ್ ಬಚ್ಚಿಡಲು ಹಿಂದೆ ಜಾಗವಿಲ್ಲ ಅನ್ನುವುದು ಒಂದು ತೊಂದರೆ. ಮುಂದಿನ ಯುಎಸ್‌ಬಿಯೂ ಹಳೆಯದು. ಗಿರಾಕಿಗಳ ಪೆನ್‌ಡ್ರೈವ್‌ಗೆ ಫೈಲ್ ಹಾಕುವಾಗ ಅದು ಗೊತ್ತಾಗುತ್ತದೆ.

ಗಾಜು ಅಂದರೆ ಬೇಡವೇ ಬೇಡ ಅಂತಲ್ಲ. ಲಿಯಾನ್ ಲಿ ಕಂಪನಿ 2018ರಲ್ಲಿ ತಂದ ಓ11 ಡೈನಾಮಿಕ್‌ಗೆ ಮುಂದೆಯೂ ಪಕ್ಕದಲ್ಲೂ ಗಾಜೇ. ಆದರೆ ಅದು ಗಾಳಿಯನ್ನು ಕೆಳಗಿನಿಂದ ಮತ್ತು ಇನ್ನೊಂದು ಪಕ್ಕದಿಂದ ತೆಗೆದುಕೊಳ್ಳುತ್ತದೆ. ಆ ಬಗೆಯದನ್ನು ನಮ್ಮಲ್ಲಿ ಇಡುವುದಾದರೆ ನೆಲದ ಮೇಲೆ ಬೇಡ, ಮೇಜಿನ ಮೇಲಿರಲಿ. ಕಸ ಗುಡಿಸಿದಾಗ ಏಳುವ ಧೂಳು ನೇರ ಒಳಗೆ ಹೋಗುತ್ತದೆ. ಗಾಜಿನ ಬಾಗಿಲು ಬಿಚ್ಚಿದಾಗ ಟೈಲ್ಸ್ ಮೇಲೋ ಶಹಾಬಾದ್ ಕಲ್ಲಿನ ಮೇಲೋ ನಿಲ್ಲಿಸಬೇಡಿ. ಟೆಂಪರ್ಡ್ ಗ್ಲಾಸ್ ನಡುವೆ ಎಷ್ಟೇ ಗಟ್ಟಿ ಇದ್ದರೂ ಮೂಲೆಗೆ ಪೆಟ್ಟು ಬಿದ್ದರೆ ಪೂರ್ತಿ ಪುಡಿಯಾಗುತ್ತದೆ. ಕೌದಿ ಹಾಸಿ ಮಲಗಿಸಿ ಇಡಿ.

ದಿನದ ಕೆಲಸಕ್ಕೆ ನಾನು ಉಳಿಸಿಕೊಂಡಿದ್ದು ಜಾಲರಿಯದನ್ನು. ಕೈಯಲ್ಲಿ ದುಡ್ಡು ಕಡಿಮೆ ಇದ್ದು, ಮನೆಯಲ್ಲಿ ಗಟ್ಟಿ ಹಳೇ ಕ್ಯಾಬಿನೆಟ್ ಇದ್ದರೆ ಹೊಸದು ಕೊಳ್ಳುವ ಮುಂಚೆ ಗ್ರಿಲ್ ಅಂಗಡಿಗೆ ಹೋಗಿ ಅನ್ನುತ್ತೇನೆ. ರೆಡಿಮೇಡ್ ಮಾಡ್ ಮನಸ್ಸಿಗೆ ಹತ್ತಿದ್ದರೆ ಆನ್‌ಲೈನ್ ಫೋಟೋ ನೋಡಿ ತರಿಸಬೇಡಿ. ಕಂಪ್ಯೂಟರ್ ಅಂಗಡಿಗಳು ತುಂಬಿರುವ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೋ ಬೆಂಗಳೂರಿನ ಎಸ್‌.ಪಿ. ರಸ್ತೆಗೋ ಹೋದಾಗ ಕೈಯಲ್ಲಿ ಹಿಡಿದು ನೋಡಿ. ಮುಂದಿನ ಗಾಜಿಗೂ ಫ್ಯಾನಿಗೂ ನಡುವೆ ಎಷ್ಟು ಜಾಗ ಇದೆ, ಫಿಲ್ಟರ್ ಎಲ್ಲಿದೆ, ಸ್ಕ್ರೂ ಬಿಚ್ಚದೆ ಬರುತ್ತದೆಯೇ ಅಂತ ಕೇಳಿ. ಫ್ಯಾನಿನ ವೈರ್ ಹಿಡಿದು ಪಿನ್ ಎಣಿಸಿ. ಆರು ಬಂದರೆ ಆ ಡಬ್ಬಿಯನ್ನು ಅಲ್ಲೇ ವಾಪಸ್ ಇಡಿ.