ಕ್ಯಾನನ್ ಎಸ್‌ಎಕ್ಸ್740: 40ಎಕ್ಸ್ ಜೂಮ್ ಎಲ್ಲಿ ಕೈ ಹಿಡಿಯುತ್ತೆ, ಎಲ್ಲಿ ಕೈ ಕೊಡುತ್ತೆ

ಕೊಕ್ಕರೆ ಬೆಳ್ಳೂರಿಗೆ ಹೋಗಿ ಹಕ್ಕಿ ಫೋಟೋ ತೆಗೆಯಬೇಕು ಅನ್ನುವವರು ಈ ಕ್ಯಾಮೆರಾ ಧೈರ್ಯವಾಗಿ ತಗೊಳ್ಳಬಹುದು. ಮಂಡ್ಯದ ಕಡೆ ಆಲೆಮನೆ ಒಳಗೆ ನಿಂತು ಬೆಲ್ಲ ಕಾಯಿಸೋದನ್ನು ತೆಗೆಯಬೇಕು ಅನ್ನುವವರಿಗೆ ಇದು ಬೇಡ, ಕೈಯಲ್ಲಿರುವ ಫೋನೇ ಸಾಕು. ಎರಡಕ್ಕೂ ಕಾರಣ ಒಂದೇ, ಬೆಳಕು.

ಪೂರ್ತಿ ಹೆಸರು ಪವರ್‌ಶಾಟ್ ಎಸ್‌ಎಕ್ಸ್740 ಎಚ್‌ಎಸ್. 2018ರಲ್ಲಿ ಬಂದ ಮಾಡೆಲ್. ತೂಕ ಸುಮಾರು 300 ಗ್ರಾಂ. ಸ್ವಲ್ಪ ಉಬ್ಬಿದರೂ ಜೇಬಿನಲ್ಲಿ ಕೂರುತ್ತದೆ. ಜೂಮ್, 35 ಎಂಎಂ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ, 24ರಿಂದ 960 ಎಂಎಂಗೆ ಸಮ, ಅಂದರೆ 40 ಪಟ್ಟು. ಕ್ಯಾನನ್ನಿನ ಸಾಧಾರಣ ಡಿಎಸ್‌ಎಲ್‌ಆರ್‌ನಲ್ಲಿ (ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ, ಅದರ ಚಿತ್ರ ಹಿಡಿಯುವ ಚಿಪ್ ಫಿಲ್ಮಿಗಿಂತ ಚಿಕ್ಕದು) ಇಷ್ಟು ಹತ್ತಿರ ಕಾಣಬೇಕಾದರೆ 600 ಎಂಎಂ ಲೆನ್ಸ್ ಬೇಕು. ಅಂಥ ಲೆನ್ಸ್ ಒಂದೇ ಎರಡು ಕೆಜಿ ಹತ್ತಿರ ತೂಗುತ್ತದೆ, ಬೆಲೆಯೂ ಈ ಇಡೀ ಕ್ಯಾಮೆರಾಗಿಂತ ತುಂಬ ಜಾಸ್ತಿ.

ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ನಾವು ನಿಲ್ಲೋದು ರಸ್ತೆಯಲ್ಲಿ, ಗೂಡು ಇರೋದು ಮರದ ತುದಿಯಲ್ಲಿ. ಫೋನಿನಲ್ಲಿ ತೆಗೆದರೆ ಹಕ್ಕಿ ಬಿಳಿ ಚುಕ್ಕೆಯಾಗಿ ಕಾಣುತ್ತೆ, ಅಷ್ಟೇ. ಇದರಲ್ಲಿ ಪೂರ್ತಿ ಜೂಮ್ ಎಳೆದರೆ ತಾಯಿಯ ಕೊಕ್ಕಿನ ಚೀಲದೊಳಗೆ ಮರಿ ತಲೆ ತೂರಿಸಿ ಮೀನು ತಿನ್ನೋದು ಸಿಗುತ್ತದೆ. ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಹೋಗಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಳತೆ, ಕಡಿಮೆ ಇದ್ದಷ್ಟೂ ಚಿತ್ರ ಶುಭ್ರ) 100, 200ರಲ್ಲೇ ಕೆಲಸ ಮುಗಿಯುತ್ತೆ, ಗರಿಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಆದರೆ ನಡು ಮಧ್ಯಾಹ್ನ ಬೇಡ. ಬಿಸಿಗಾಳಿ ಅಲುಗಿ ದೂರದ ಚಿತ್ರ ಮಂಜಾಗುತ್ತದೆ. ಅದಕ್ಕೆ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ.

ರಂಗನತಿಟ್ಟಿನ ಲೆಕ್ಕವೇ ಬೇರೆ. ಅಲ್ಲಿ ದೋಣಿ ಹಕ್ಕಿಗಳ ಹತ್ತಿರಕ್ಕೇ ಹೋಗುತ್ತೆ, 960 ಎಂಎಂ ಬೇಕಾಗೋದು ಅಪರೂಪ. ದೋಣಿ ಅಲ್ಲಾಡುವಾಗ ಅಷ್ಟು ಜೂಮ್ ಎಳೆದರೆ ಹಕ್ಕಿ ಸ್ಕ್ರೀನಿನೊಳಗೆ ನಿಲ್ಲುವುದೇ ಇಲ್ಲ. ನಾನು 300, 400ರ ಆಸುಪಾಸಿನಲ್ಲೇ ಇಡುತ್ತೇನೆ. ಬಂಡೆ ಮೇಲೆ ಬಾಯಿ ತೆರೆದು ಮಲಗಿರೋ ಮೊಸಳೆ ಇಂಥ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ್ದು, ಅದು ಅಲುಗೋದೇ ಇಲ್ಲ ಅಲ್ವಾ! ಹಾರುವ ಹಕ್ಕಿಯ ಆಸೆ ಬಿಟ್ಟುಬಿಡಿ. ಜೂಮ್ ಎಳೆದಾಗ ಫೋಕಸ್ ಹುಡುಕಾಡುವಷ್ಟರಲ್ಲಿ ಕೊಕ್ಕರೆ ಆಚೆ ದಡ ಸೇರಿರುತ್ತದೆ.

ಇಲ್ಲಿ ಒಂದು ಗುಂಡಿಯನ್ನು ಹೊಗಳಲೇಬೇಕು. ಹಕ್ಕಿ ಚೌಕಟ್ಟಿನಿಂದ ತಪ್ಪಿಹೋದರೆ ಫ್ರೇಮಿಂಗ್ ಅಸಿಸ್ಟ್ ಗುಂಡಿ ಒತ್ತಿ ಹಿಡಿಯಿರಿ. ಜೂಮ್ ಹಿಂದಕ್ಕೆ ಬರುತ್ತದೆ. ಹಕ್ಕಿಯನ್ನು ಹುಡುಕಿ ಮಧ್ಯಕ್ಕೆ ತಂದು ಬೆರಳು ತೆಗೆದರೆ ಮತ್ತೆ ಮೊದಲಿನ ಜೂಮಿಗೇ ಹೋಗುತ್ತದೆ. ಜಾಹೀರಾತಿನ 40ಎಕ್ಸ್‌ಗಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರೋದು ಇದೇ. ಡಿಜಿಟಲ್ ಜೂಮ್ ಮಾತ್ರ ಮೆನುವಿಗೆ ಹೋಗಿ ಆಫ್ ಮಾಡಿ. ಅದು ಸುಮ್ನೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತೆ.

ಈಗ ಬೆಳಕಿನ ವಿಷಯ. ಜೂಮ್ ಇಲ್ಲದಾಗ ಲೆನ್ಸಿನ ಕಿಂಡಿ ಎಫ್ 3.3, ಪೂರ್ತಿ ಎಳೆದಾಗ ಎಫ್ 6.9. ಈ ಸಂಖ್ಯೆ ಏರಿದಷ್ಟೂ ಒಳಗೆ ಬರೋ ಬೆಳಕು ಕಡಿಮೆ. ಅಂದರೆ ಸೆನ್ಸರಿಗೆ (ಚಿತ್ರ ಹಿಡಿಯುವ ಚಿಪ್) ಬೀಳುವ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯಿತು. ಸೆನ್ಸರ್ರೋ, ಆರು ಮಿಲಿಮೀಟರ್ ಚಿಲ್ಲರೆ ಅಗಲ. ಈಗಿನ ಎಷ್ಟೋ ಫೋನುಗಳ ಮುಖ್ಯ ಸೆನ್ಸರ್ ಇದಕ್ಕಿಂತ ದೊಡ್ಡದು. ಸಂಜೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತು ನೀರುಕಾಗೆ ತೆಗೆಯಲು ಹೋದರೆ ಕ್ಯಾಮೆರಾ ಐಎಸ್‌ಒ 1600ಕ್ಕೆ ಏರಿಸಿಕೊಳ್ಳುತ್ತೆ, ಗರಿಗಳೆಲ್ಲ ಒಂದಕ್ಕೊಂದು ಬಳಿದ ಹಾಗೆ ಆಗುತ್ತವೆ. ರಾ ಫೈಲ್ (ಸೆನ್ಸರಿನ ಕಚ್ಚಾ ಮಾಹಿತಿ) ಕೂಡ ಸಿಗಲ್ಲ, ಹಾಗಾಗಿ ಮನೆಗೆ ಬಂದು ಸರಿಮಾಡೋ ದಾರಿಯೂ ಕಿರಿದು. ಆಲೆಮನೆಯಲ್ಲೂ ಇದೇ ಕಥೆ. ಹೊಗೆ, ಹಬೆ, ಅರೆಗತ್ತಲು.

ಭಾನುವಾರ ರಾತ್ರಿಯ ಅರಮನೆ ದೀಪ ಪರವಾಗಿಲ್ಲ, ಅರಮನೆ ಎಲ್ಲೂ ಓಡಿಹೋಗಲ್ಲ. ಕ್ಯಾಮೆರಾವನ್ನು ಗಟ್ಟಿಯಾದ ಜಾಗದಲ್ಲಿಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿ, ಐಎಸ್‌ಒ 100ರಲ್ಲಿ ತೆಗೆಯಿರಿ. ಚಂದ್ರನಿಗೆ ಎಂ ಮೋಡ್ (ಎಲ್ಲವನ್ನೂ ನಾವೇ ಹೊಂದಿಸೋದು), ಐಎಸ್‌ಒ 100, ಶಟರ್ 1/250 ಸೆಕೆಂಡ್. ಪೂರ್ತಿ ಜೂಮಿನಲ್ಲಿ ಹುಣ್ಣಿಮೆ ಚಂದ್ರ ಚೌಕಟ್ಟಿನ ಎತ್ತರದ ಮೂರನೇ ಒಂದು ಭಾಗ ತುಂಬುತ್ತಾನೆ. ಮಕ್ಕಳಿಗೆ ತೋರಿಸಿ, ಇಷ್ಟಪಡುತ್ತಾರೆ.

ದಸರಾ ಜಂಬೂಸವಾರಿಗೆ ಜೂಮ್ ಬಲು ಚೆನ್ನ. ಹಗಲ ಬೆಳಕಿರುತ್ತೆ, ದೂರದಿಂದಲೇ ಚಿನ್ನದ ಅಂಬಾರಿಯ ಕೆತ್ತನೆ ಸಿಗುತ್ತೆ. ತೊಂದರೆ ಸ್ಕ್ರೀನಿನದು. ಅದು ಮೇಲಕ್ಕೆ ಮಾತ್ರ ತಿರುಗುತ್ತದೆ. ಜನರ ತಲೆ ಮೇಲೆ ಕೈ ಎತ್ತಿ ಹಿಡಿದಾಗ ಬೇಕಾಗೋದು ಕೆಳಕ್ಕೆ ಬಾಗುವ ಸ್ಕ್ರೀನ್. ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ, ಹಾಗಾಗಿ ಬಿಸಿಲಲ್ಲಿ ಅರ್ಧ ಅಂದಾಜು, ಅರ್ಧ ಅದೃಷ್ಟ.

ಒಂದು ಚಾರ್ಜಿಗೆ 265 ಫೋಟೋ ಅಂತ ಕಂಪನಿ ಹೇಳುತ್ತದೆ. ಇಡೀ ದಿನದ ತಿರುಗಾಟಕ್ಕೆ ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಿ, ನಂಬರ್ ಎನ್‌ಬಿ-13ಎಲ್.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಒಂದು ಕೆಲಸ ಮಾಡಿ. ಇಂಥ ಲೆನ್ಸ್ ಚಾಚಿ ಒಳಗೆ ಹೋಗುವಾಗಲೆಲ್ಲ ಗಾಳಿ ಎಳೆದುಕೊಳ್ಳುತ್ತದೆ, ಜೊತೆಗೆ ಧೂಳನ್ನೂ. ಅಂಗಡಿಯಲ್ಲೇ ಜೂಮ್ ಪೂರ್ತಿ ಎಳೆದು, ಕಿಂಡಿಯನ್ನು ಎಫ್ 8ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ. ಮಸುಕಾದ ಬೂದು ಚುಕ್ಕೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ವಾಪಸ್ ಕೊಟ್ಟು ಬನ್ನಿ.